ಮೇಷ್ಟ್ರ ಕಾರಿನ ಸದ್ದು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ವೆಂಕಟಗಿರಿ ಮೇಷ್ಟ್ರು ಕುರ್ಚಿ ತೋರಿಸಿದರೂ ಕೂರಲಿಲ್ಲ. ವಯಸ್ಸು ಎಪ್ಪತ್ತೆರಡು, ನಿವೃತ್ತ ಗಣಿತ ಶಿಕ್ಷಕರು, ಚಂದ್ರಾ ಲೇಔಟ್‌ನಲ್ಲಿ ಸ್ವಂತ ಮನೆ. ಬರೆದು ತಂದಿದ್ದ ದೂರನ್ನು ಇನ್ಸ್‌ಪೆಕ್ಟರ್ ಚನ್ನಕೇಶವ ಅವರ ಮೇಜಿನ ಮೇಲಿಟ್ಟು, ಅವರು ಓದಿ ಮುಗಿಸುವವರೆಗೂ ಪರೀಕ್ಷಾ ಕೊಠಡಿಯಲ್ಲಿ ನಿಂತ ಹಾಗೆ ನಿಂತೇ ಇದ್ದರು.

ದೂರಿನ ಸಾರಾಂಶ ಇಷ್ಟು. ಅವರ ಕಾರಿನ ಹಿಂಭಾಗದಿಂದ ಹಂಪ್ ಸಿಕ್ಕಾಗಲೆಲ್ಲ ಕಟ್ ಕಟ್ ಎಂಬ ಸದ್ದು ಬರುತ್ತಿತ್ತು. ಗ್ಯಾರೇಜಿಗೆ ಮೂರು ಸಲ ಬಿಟ್ಟು ತಂದರೂ ಸ್ವಲ್ಪ ದಿನಕ್ಕೆ ಸದ್ದು ಮತ್ತೆ ಹಾಜರು. ಕಳೆದ ಶುಕ್ರವಾರ ಮೊಮ್ಮಗಳು ಐಶ್ವರ್ಯಳನ್ನು ಶಾಲೆಗೆ ಬಿಡಲು ಹೋಗುವಾಗ ಹಿಂದಿನ ಶಾಕ್ ಅಬ್ಸಾರ್ಬರ್ ಮೇಲ್ತುದಿಯಲ್ಲಿ ಕಳಚಿಕೊಂಡು, ಕಾರು ಎಡಕ್ಕೆ ಎಳೆದು ಫುಟ್‌ಪಾತಿಗೆ ಹೊಡೆದಿತ್ತು. ಎರಡನೇ ಕ್ಲಾಸಿನ ಆ ಮಗುವಿನ ತುಟಿ ಸೀಳಿ ಹೊಲಿಗೆ ಬಿದ್ದಿತ್ತು. ಪಾರ್ಕಿಂಗ್ ದ್ವೇಷದಿಂದ ಪಕ್ಕದ ಮನೆಯ ಶ್ಯಾಮಸುಂದರನೇ ನಟ್ಟು ಬಿಚ್ಚಿದ್ದಾನೆ, ಅವನನ್ನು ಬಂಧಿಸಬೇಕು ಎಂದು ಕೊನೆಯಲ್ಲಿ ಬರೆದಿತ್ತು.

“ಇದು ಗ್ಯಾರೇಜಿನ ವಿಷಯ ಅಲ್ವಾ ಸಾರ್?” ಎಂದರು ಚನ್ನಕೇಶವ.

“ಗ್ಯಾರೇಜಿನೋನು ನನ್ನ ಸ್ಟೂಡೆಂಟು. ಮೋಸ ಮಾಡಲ್ಲ.”

“ಶ್ಯಾಮಸುಂದರ ಬಿಚ್ಚಿದ್ದು ನೀವು ನೋಡಿದೀರಾ?”

“ನೋಡಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ? ದಿನಾ ಎರಡು ಹೊತ್ತೂ ಮಗು ನನ್ನ ಕಾರಲ್ಲೇ ಓಡಾಡೋದು. ಈ ಸಲ ತುಟಿಗೆ ಹೋಯ್ತು. ಇನ್ನೊಂದು ಸಲ ಅವಳ ಪ್ರಾಣಕ್ಕೇ ಬಂದ್ರೆ? ಮಾಡಿದೋರು ಯಾರೇ ಆಗ್ಲಿ, ಒಳಗೆ ಹಾಕಿ.”

ಆಸ್ಪತ್ರೆಯ ಚೀಟಿ ಲಗತ್ತಾಗಿರದಿದ್ದರೆ ಚನ್ನಕೇಶವ ಸಮಾಧಾನ ಹೇಳಿ ಕಳಿಸಿಬಿಡುತ್ತಿದ್ದರು. ಪಾರ್ಕಿಂಗ್ ಜಗಳಗಳನ್ನು ಕೇಳಿ ಕೇಳಿ ಅವರ ತಲೆ ಚಿಟ್ಟು ಹಿಡಿದಿತ್ತು. ಈ ಬಡಾವಣೆಯಲ್ಲಿ ಹತ್ತಡಿ ರಸ್ತೆಗಾಗಿ ಜನ ಹೊಡೆದಾಡುವಷ್ಟು ಗಡಿಯಲ್ಲೂ ಹೊಡೆದಾಡುವುದಿಲ್ಲ ಎಂದು ಅವರು ಠಾಣೆಯಲ್ಲಿ ಬಾಯಿಬಿಟ್ಟೇ ಹೇಳುತ್ತಿದ್ದರು. ಆದರೆ ಮಗುವಿಗೆ ಗಾಯವಾಗಿತ್ತು. ಪ್ರಾಣಾಪಾಯ ಉಂಟುಮಾಡಿ ಗಾಯಗೊಳಿಸಿದ್ದು ಮತ್ತು ಸ್ವತ್ತಿಗೆ ಹಾನಿ ಮಾಡಿದ್ದು ಎಂಬ ಆರೋಪಗಳ ಮೇಲೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಕಾರು ಮೇಷ್ಟ್ರ ಮನೆಯ ಮುಂದೆ ಹೊಂಗೆ ಮರದ ಕೆಳಗೆ ನಿಂತಿತ್ತು. ಇಸ್ತ್ರಿ ಅಂಗಡಿಯವನು ಮತ್ತು ಮೂಲೆಯ ದರ್ಶಿನಿಯ ಕ್ಯಾಷಿಯರ್ ಪಂಚರು. ಮಹಿಳಾ ಕಾನ್‌ಸ್ಟೆಬಲ್ ಸಂಘಮಿತ್ರಾ ಬರೆದುಕೊಳ್ಳುತ್ತಿದ್ದರು. ಬಾಪೂಜಿ ನಗರದಿಂದ ಅದೇ ಗ್ಯಾರೇಜಿನ ಮೆಕ್ಯಾನಿಕ್ ಮಹದೇವನನ್ನು ಕರೆಸಿದ್ದರು. ಅವನು ಡಿಕ್ಕಿ ತೆಗೆಸಿ, ಎಡಬದಿಯ ಪ್ಲಾಸ್ಟಿಕ್ ಮುಚ್ಚಳ ಕಿತ್ತು ತೋರಿಸಿದ. ಶಾಕ್ ಅಬ್ಸಾರ್ಬರ್‌ನ ಮೇಲ್ತುದಿಯನ್ನು ಹಿಡಿದಿಡುವ ನಟ್ಟು ತನ್ನ ಜಾಗದಲ್ಲಿರಲಿಲ್ಲ. ಮುಚ್ಚಳದ ಕೆಳಗೇ ಬಿದ್ದಿತ್ತು.

“ಮೂರು ಸಲ ಏನಪ್ಪಾ ರಿಪೇರಿ ಮಾಡಿದೆ?” ಎಂದರು ಚನ್ನಕೇಶವ.

“ಮೊದಲ್ನೇ ಸಲ ರಬ್ಬರ್ ಬುಷ್ ಹೋಗಿದೆ ಅನ್ಕೊಂಡು ಹೊಸದು ಹಾಕ್ದೆ ಸಾರ್. ಎರಡ್ನೇ ಸಲ ಶಾಕ್ ಅಬ್ಸಾರ್ಬರ್ರೇ ಬದಲಾಯಿಸ್ದೆ. ಮೂರ್ನೇ ಸಲ ನೋಡಿದ್ರೆ ಈ ನಟ್ಟೇ ಲೂಸಾಗಿತ್ತು.”

“ಯಾರೋ ಬಿಚ್ಚಿದಾರೆ ಅಂತ ಆವಾಗ್ಲೇ ಯಾಕೆ ಹೇಳ್ಲಿಲ್ಲ?”

“ನಾನೇ ಸರಿಯಾಗಿ ಬಿಗಿ ಮಾಡಿರ್ಲಿಲ್ವೇನೋ ಅಂತ ಡೌಟು. ಮೇಷ್ಟ್ರ ಮುಂದೆ ಹೆಂಗೆ ಹೇಳೋದು ಸಾರ್? ಟೈಟ್ ಮಾಡಿ ಸುಮ್ನೆ ಕಳಿಸ್ದೆ.”

ಚನ್ನಕೇಶವರಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತರ ಹತ್ತಿರದ ಗಂಡಸು, ಹೈಸ್ಕೂಲಿನ ಮೇಷ್ಟ್ರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಕ್ಕೆ ಒಂದು ಮಗುವಿನ ತುಟಿ ಸೀಳಿತ್ತು.

ಆದರೂ ಒಂದು ವಿಷಯ ಸ್ಪಷ್ಟವಾಯಿತು. ಆ ನಟ್ಟನ್ನು ಡಿಕ್ಕಿಯ ಒಳಗಿನಿಂದಲೇ ಬಿಚ್ಚಬೇಕು, ಕಾರಿನ ಕೆಳಗೆ ಯಾರೂ ನುಸುಳಿರಲಿಲ್ಲ. ಡಿಕ್ಕಿಯ ಬೀಗ ಮುರಿದಿರಲಿಲ್ಲ, ಗಾಜು ಒಡೆದಿರಲಿಲ್ಲ. ಕೀ ಹಾಕಿ ತೆಗೆದವರದ್ದೇ ಕೆಲಸ. ಕಾರಿಗಿದ್ದ ಕೀ ಎರಡು. ಒಂದು ಮೇಷ್ಟ್ರ ಜೇಬಿನಲ್ಲಿ, ಇನ್ನೊಂದು ಮನೆಯೊಳಗೆ ಗೋಡೆಯ ಮೊಳೆಯಲ್ಲಿ.

ಕಾರಿನ ಎಡಮೈ ತುಂಬಾ ಗೀರುಗಳಿದ್ದವು. ಬಲಗಡೆ ಒಂದೂ ಇರಲಿಲ್ಲ.

“ಅದೂ ಅವಂದೇ ಕೆಲಸ,” ಎಂದರು ಮೇಷ್ಟ್ರು.

ಪಂಚನಾಮೆಗೆ ಸಹಿ ಮಾಡಿಸುವಾಗ ಸಂಘಮಿತ್ರಾ ಮೇಷ್ಟ್ರ ಎಡಗಡೆ ನಿಂತು ಪೆನ್ನು ಚಾಚಿದರು. ಮೇಷ್ಟ್ರು ತೆಗೆದುಕೊಳ್ಳಲಿಲ್ಲ. ಸಂಘಮಿತ್ರಾ ಬಲಗಡೆಗೆ ಬಂದು ಚಾಚಿದ ಕೂಡಲೇ ತೆಗೆದುಕೊಂಡರು. ಜೀಪು ಹತ್ತಿದ ಮೇಲೆ ಸಂಘಮಿತ್ರಾ ಇದನ್ನು ಇನ್ಸ್‌ಪೆಕ್ಟರಿಗೆ ಹೇಳಿದರು.

“ಎಡಗಣ್ಣು ಕಾಣ್ಸಲ್ಲ ಅಂತೀಯಾ?”

“ಹಂಗೇ ಅನ್ಸುತ್ತೆ ಸಾರ್.”

ಒಂದು ನಟ್ಟು ಹುಡುಕಲು ಬಂದರೆ ಕೇಸು ಎಲ್ಲೆಲ್ಲಿಗೋ ಹೋಗುತ್ತಿದೆ ಎಂದು ಚನ್ನಕೇಶವರಿಗೆ ರೇಗುತ್ತಿತ್ತು.

ಮಹದೇವ ಬೇರೆ ನಟ್ಟು ಬಿಗಿದ ಮೇಲೆ ಕಾರು ಮೇಷ್ಟ್ರ ವಶಕ್ಕೆ ಹೋಯಿತು. ಮಂಗಳವಾರ ಶ್ಯಾಮಸುಂದರನ ವಿಚಾರಣೆ ನಡೆಯಿತು. ವಿಮಾ ಏಜೆಂಟ್, ಬಾಯಿ ಜೋರು. ಅವನ ಮನೆಯ ಗೇಟಿನ ಮೇಲೆ ರಸ್ತೆಯ ಕಡೆಗೇ ಮುಖ ಮಾಡಿದ ಕ್ಯಾಮೆರಾ ಇತ್ತು.

“ರೆಕಾರ್ಡಿಂಗ್ ಕೊಡಿ.”

“ಕ್ಯಾಮೆರಾ ಕೆಟ್ಟಿದೆ ಸಾರ್.”

“ಲೈಟ್ ಉರೀತಾ ಇದೆ.”

“ಲೈಟ್ ಮಾತ್ರ ಉರಿಯುತ್ತೆ.”

“ಹಂಗಾದ್ರೆ ಆರೋಪಿ ಅಂತ ನಿಮ್ಮನ್ನೇ ಹಾಕ್ತೀನಿ. ನನಗೂ ಕೆಲಸ ಕಮ್ಮಿ.”

ಶ್ಯಾಮಸುಂದರ ಐದೇ ನಿಮಿಷದಲ್ಲಿ ರೆಕಾರ್ಡಿಂಗ್ ತಂದುಕೊಟ್ಟ. ಅವನು ಯಾಕೆ ಹಿಂಜರಿದಿದ್ದ ಎನ್ನುವುದು ನೋಡಿದ ಮೇಲೆ ತಿಳಿಯಿತು. ಮೇಷ್ಟ್ರು ಕಾರು ತೆಗೆದ ಕೂಡಲೇ ಅವನು ಸಿಮೆಂಟಿನ ಹೂಕುಂಡಗಳನ್ನು ಉರುಳಿಸಿಕೊಂಡು ಬಂದು ಆ ಜಾಗದಲ್ಲಿಡುತ್ತಿದ್ದ. ಸಂಘಮಿತ್ರಾ ನಗು ತಡೆದುಕೊಂಡು ಮುಂದಕ್ಕೆ ಓಡಿಸಿದರು. ಆದರೆ ಕಾರಿನ ಡಿಕ್ಕಿಯ ಹತ್ತಿರ ಅವನು ಒಂದು ಸಲವೂ ಸುಳಿದಿರಲಿಲ್ಲ.

ಅಪಘಾತದ ಹಿಂದಿನ ದಿನ, ಗುರುವಾರ ಮಧ್ಯಾಹ್ನ, ಬೀದಿಯೆಲ್ಲ ಊಟ ಮಾಡಿ ಮಲಗುವ ಹೊತ್ತು. ಮೇಷ್ಟ್ರ ಮನೆಯ ಗೇಟು ತೆರೆಯಿತು. ತರಕಾರಿ ಬ್ಯಾಗ್ ಹಿಡಿದ ಹೆಂಗಸೊಬ್ಬರು ಹೊರಬಂದು, ಕೀ ಹಾಕಿ ಡಿಕ್ಕಿ ತೆಗೆದು, ಬ್ಯಾಗಿನಿಂದ ಸ್ಪ್ಯಾನರ್ ತೆಗೆದು ಒಳಕ್ಕೆ ಬಾಗಿದರು. ಮೇಷ್ಟ್ರ ಹೆಂಡತಿ ಅಂಬುಜಾ.

ಬುಧವಾರ ಮಧ್ಯಾಹ್ನ ಅವರನ್ನು ಠಾಣೆಗೆ ಕರೆಸಿದರು. ಕಾರು ಓಡಿಸಿಕೊಂಡು ಮೇಷ್ಟ್ರೇ ಕರೆತಂದು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಸಂಘಮಿತ್ರಾ ಎದುರಿನಲ್ಲಿ ವಿಚಾರಣೆ ನಡೆಯಿತು. ಅಂಬುಜಾ ರೆಕಾರ್ಡಿಂಗನ್ನು ಪೂರ್ತಿ ನೋಡಲಿಲ್ಲ.

“ನಾನೇ,” ಎಂದರು.

“ಸ್ಪ್ಯಾನರ್ ಹಿಡಿಯೋದು ಎಲ್ಲಿ ಕಲಿತ್ರಿ?”

“ಮೈಸೂರು ರೋಡಿನ ಫ್ಯಾಕ್ಟರೀಲಿ ಅಸೆಂಬ್ಲಿ ಕೆಲಸ ಮಾಡ್ತಿದ್ದೆ. ಮೊದಲ್ನೇ ಸಲ ಸದ್ದು ಬಂದಾಗ ಮಹದೇವ ಮನೆ ಹತ್ರ ಬಂದು ಚೆಕ್ ಮಾಡಿದ್ದ, ಯಾವ ನಟ್ಟು ಅಂತ ಆವಾಗ್ಲೇ ನೋಡ್ಕೊಂಡೆ.”

“ಯಾಕಮ್ಮಾ?”

“ಅವ್ರಿಗೆ ಎಡಗಣ್ಣು ಕಾಣಲ್ಲ. ಬಲಗಣ್ಣೂ ಮಂಜು. ಸಿಗ್ನಲ್ ಕೆಂಪಾದ್ರೆ ಪಕ್ಕದಲ್ಲಿ ಕೂತು ನಾನೇ ಹೇಳ್ಬೇಕು. ನಾನು ಹೇಳ್ತೀನಿ, ಅವ್ರು ‘ನೋಡಿದೆ’ ಅಂತಾರೆ. ಹಿಂದೆ ಮಗು ಕೂತಿರುತ್ತೆ.”

“ಲೈಸೆನ್ಸ್ ರಿನ್ಯೂ ಮಾಡುವಾಗ ಡಾಕ್ಟರ್ ನೋಡಲ್ವಾ?”

“ಡಾಕ್ಟರೂ ಅವ್ರ ಸ್ಟೂಡೆಂಟೇ. ಕಾಲಿಗೆ ನಮಸ್ಕಾರ ಮಾಡಿ, ಕಾಫಿ ಕುಡಿಸಿ, ಸರ್ಟಿಫಿಕೇಟಿಗೆ ಸೈನ್ ಹಾಕಿ ಕೊಟ್ರು. ಕಣ್ಣಿಗೆ ಟಾರ್ಚೂ ಬಿಡ್ಲಿಲ್ಲ. ಮೇಷ್ಟ್ರಿಗೆ ಆಗಲ್ಲ ಅಂತ ಯಾರು ಹೇಳ್ತಾರೆ? ಮಗಳಿಗೆ ಹೇಳಿದೆ, ‘ಅಪ್ಪಂಗೆ ನೀನೇ ಹೇಳಮ್ಮ’ ಅಂದ್ಳು.”

“ನೀವು ಹೇಳ್ಬೋದಿತ್ತಲ್ಲ.”

ಅಂಬುಜಾ ಸೆರಗಿನ ತುದಿ ಹಿಡಿದುಕೊಂಡು ನಡೆದದ್ದನ್ನು ಹೇಳುತ್ತಾ ಹೋದರು. ಮೊದಲ ಸಲ ಸದ್ದು ತಾನಾಗಿಯೇ ಬಂದಿತ್ತು. ಸದ್ದು ಮಾಡುವ ಕಾರನ್ನು ಮೇಷ್ಟ್ರು ಓಡಿಸುವವರಲ್ಲ. ಕಾರು ಗ್ಯಾರೇಜಿನಲ್ಲಿದ್ದಷ್ಟು ದಿನ ಮಗುವನ್ನು ಅಂಬುಜಾ ಆಟೋದಲ್ಲಿ ಕರೆದೊಯ್ದಿದ್ದರು. ಅಷ್ಟು ದಿನವೂ ಕಣ್ತುಂಬ ನಿದ್ದೆ ಬಂದಿತ್ತು. ಆಮೇಲೆ ಕಾರು ಸರಿಯಾಗಿ ಬಂದಾಗಲೆಲ್ಲ ಇವರೇ ಸದ್ದು ಬರಿಸಿದರು.

“ಎರಡೇ ಸುತ್ತು ಬಿಚ್ತಿದ್ದೆ. ಸದ್ದು ಬರೋಷ್ಟು. ಈ ಸಲ ಅವ್ರು ಬೇಜಾರಾಗಿ, ಗ್ಯಾರೇಜಿಗೆ ಬಿಟ್ಟಿದ್ದೇ ಸಾಕು ಅಂತ ಹಂಗೇ ಓಡಿಸ್ಬಿಟ್ರು. ಅಲ್ಲಾಡಿ ಅಲ್ಲಾಡಿ ಪೂರ್ತಿ ಬಿಚ್ಕೊಂಡಿದೆ. ಮಗು ಬಾಯಲ್ಲಿ ರಕ್ತ ನೋಡ್ದಾಗ...” ಎನ್ನುತ್ತಾ ಅತ್ತರು.

ಚನ್ನಕೇಶವರಿಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರು, ಮೆಕ್ಯಾನಿಕ್, ಮಗಳು, ಹೆಂಡತಿ, ಎಲ್ಲರೂ ಮೇಷ್ಟ್ರ ಮುಂದೆ ಆಡಬೇಕಿದ್ದ ಮಾತನ್ನು ಆಡದೆ ಬಿಟ್ಟು, ಅದು ಸರ್ಕಾರಿ ಕಾಗದದ ಮೇಲೆ ಏರಿ ಅವರ ಮೇಜಿಗೆ ಬಂದು ಕೂತಿತ್ತು. ಕಾನೂನಿನ ಪ್ರಕಾರ ಆರೋಪಿಯನ್ನು ಬಂಧಿಸಿ ಠಾಣಾ ಜಾಮೀನು ಕೊಡಬಹುದಿತ್ತು. ಬಂಧನ ಪತ್ರದಲ್ಲಿ ಉದ್ದೇಶದ ಜಾಗದಲ್ಲಿ ಏನು ಬರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿ, ಮೊಮ್ಮಗಳ ಪ್ರಾಣಕ್ಕೆ ಅಪಾಯವಾದೀತೆಂಬ ಭಯದಿಂದ ಎಂದು ಬರೆದರು. ಸಂಘಮಿತ್ರಾ ಅದಕ್ಕೆ ಅಂಬುಜಾ ಅವರ ಸಹಿ ಪಡೆದರು.

ಮೇಷ್ಟ್ರನ್ನು ಒಳಗೆ ಕರೆದು ನಟ್ಟು ಬಿಚ್ಚಿದವರು ಯಾರೆಂದು ತಿಳಿಸಿದರು. ಅವರು ಹೆಂಡತಿಯ ಕಡೆ ನೋಡದೆ, ಇನ್ಸ್‌ಪೆಕ್ಟರನ್ನೇ ಕೇಳಿದರು.

“ಇವಳು ಯಾಕೆ ಮಾಡ್ತಾಳೆ? ಇವಳಿಗೇನು ಕಮ್ಮಿ?”

ಚನ್ನಕೇಶವ ಬಾಯಿ ತೆರೆದವರು ಹಾಗೇ ಮುಚ್ಚಿದರು. ಅವರಿಗೂ ಹೇಳಲಾಗಲಿಲ್ಲ. ತಮ್ಮ ಮೇಲೆಯೇ ಅಸಹ್ಯವಾಯಿತು.

ಮೇಷ್ಟ್ರು ಗಡಿಯಾರ ನೋಡಿಕೊಂಡು ಹೊರಟರು. ಕೈಯಲ್ಲಿ ಕೀ ಇತ್ತು. “ಇದನ್ನೆಲ್ಲ ಆಮೇಲೆ ಮಾತಾಡೋಣ. ಸ್ಕೂಲು ಬಿಡೋ ಹೊತ್ತಾಯ್ತು. ಮಗು ಕಾಯ್ತಿರುತ್ತೆ, ಕರ್ಕೊಂಡು ಬರ್ತೀನಿ.”

“ಬೇಡ,” ಎಂದರು ಅಂಬುಜಾ.

ಮೇಷ್ಟ್ರು ತಿರುಗಿದರು.

“ನಿಮಗೆ ಕಣ್ಣು ಕಾಣಲ್ಲ. ಮಗೂನ ಸಾಯಿಸ್ಬಿಡ್ತೀರಿ.”

ಮೇಷ್ಟ್ರು ತುಂಬಾ ಹೊತ್ತು ನಿಂತೇ ಇದ್ದರು. ಆಮೇಲೆ ಪಕ್ಕದ ಕುರ್ಚಿಯ ಬೆನ್ನು ಹುಡುಕುತ್ತಾ ಎಡಗೈ ಚಾಚಿದರು. ಕುರ್ಚಿ ಸಿಗಲಿಲ್ಲ. ಅಂಬುಜಾ ಎದ್ದು ಬಂದು ಅವರ ಕೈಯನ್ನು ಕುರ್ಚಿಯ ಮೇಲಿಟ್ಟು ಕೂರಿಸಿದರು.

“ಯಾವಾಗಿಂದ ಗೊತ್ತಿತ್ತು?” ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

“ನಿಮಗೆ ಗೊತ್ತಾದಾಗಿಂದ.”

ಚನ್ನಕೇಶವ ಜಾಮೀನಿನ ಕಾಗದ ಬೇಗ ಮುಗಿಸಿದರು. ಸಂಘಮಿತ್ರಾ ಹೊರಗೆ ಹೋಗಿ ಶಾಲೆಗೆ ಹೋಗಲು ಆಟೋ ನಿಲ್ಲಿಸಿದರು. ಮೊದಲು ಮೇಷ್ಟ್ರು ಹತ್ತಿದರು. ಆರೋಪಿ ಅವರ ಎಡಗಡೆ ಕೂತರು.