ಮೂರನೇ ನಂಬರಿನ ಎಮ್ಮೆ

“ಮೂರ್ನೇದು ಓದಮ್ಮಿ! ಬೇಗ ಓದು!” ಹಿಂದಿನಿಂದ ಯತೀಶ ತಿವಿದ.

ಗಗನ ಮೈಕ್ ಹಿಡಿದು ಕ್ಲಾಸಿನವರ ಬೇಡಿಕೆಗಳ ಪಟ್ಟಿಯನ್ನೇ ನೋಡುತ್ತಾ ನಿಂತಿದ್ದಳು. ಅವತ್ತು ಊರ ಪಂಚಾಯ್ತಿ ಆಫೀಸಿನಲ್ಲಿ ಮಕ್ಕಳ ಗ್ರಾಮಸಭೆ. ಮಕ್ಕಳು ಏನು ಕೇಳಿದರೂ ಆಫೀಸರ್ ವೇದವತಿ ಮೇಡಂ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು. ಮೊದಲನೇದು ನಲ್ಲಿ, ಎರಡನೇದು ಟಾಯ್ಲೆಟ್ಟಿನ ಚಿಲಕ. ಎರಡಕ್ಕೂ ಚಪ್ಪಾಳೆ ಬಿದ್ದಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಅಜ್ಜಿ, ದೇವಿರಮ್ಮ.

ಮೊಮ್ಮಗಳು ಮೈಕಲ್ಲಿ ಮಾತಾಡುತ್ತಾಳೆ ಅಂತ ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು. ಹಲಗೂರು ಬಸ್ಸಿನ ಕಂಡಕ್ಟರಿಗೂ ಹೇಳಿಬಿಟ್ಟಿದ್ದಳು.

ಮೂರನೇದೇ ಕಷ್ಟ. ಶಾಲೆಯ ಗೇಟಿಗೆ ದಿನಾ ಒಂದು ಎಮ್ಮೆ ಕಟ್ಟಿರುತ್ತಿದ್ದರು. ಒಂದನೇ ಕ್ಲಾಸಿನವರು ಅದರ ಹೊಟ್ಟೆಯಡಿ ನುಸುಳಿ ಒಳಗೆ ಹೋಗುತ್ತಿದ್ದರು. ಯತೀಶನ ಹೋಮ್‌ವರ್ಕನ್ನು ಅದು ಎರಡು ಸಲ ತಿಂದಿತ್ತು. ಎಮ್ಮೆ ತಿಂತು ಅಂದರೆ ಮಿಸ್ ನಂಬುತ್ತಾರಾ? ಪಾಪ, ಎರಡು ಸಲವೂ ಬೆಂಚಿನ ಮೇಲೆ ನಿಂತಿದ್ದ.

ಆ ಎಮ್ಮೆ ಅಜ್ಜಿಯದು!

ಓದದಿದ್ದರೆ ಇಡೀ ಕ್ಲಾಸು ಮಾತು ಬಿಡುತ್ತದೆ. ಓದಿದರೆ ಅಜ್ಜಿ ಮಾತು ಬಿಡುತ್ತಾಳೆ.

“ಮೂರು... ಗೇಟ್ ಹತ್ರ ಎಮ್ಮೆ ಕಟ್ಟಬಾರದು!” ಒಂದೇ ಉಸಿರಿಗೆ ಓದಿದಳು.

“ಯಾರ ಎಮ್ಮೆಯಮ್ಮ ಅದು?” ಮೇಡಂ ಕೇಳಿದರು.

“ನಮ್ದೇ ಮೇಡಂ.”

ಸಭೆಯೆಲ್ಲಾ ಗೊಳ್ಳೆಂದು ನಕ್ಕಿತು. ಅಜ್ಜಿ ಎದ್ದು ನಿಂತಳು. “ನಾನ್ ಸೀರೆ ಉಟ್ಕೊಂಡು ಬಂದಿದ್ದು ಇದುಕ್ಕೇನಮ್ಮಿ? ಎಮ್ಮೆ ಕಟ್ಬಾರ್ದು ಅಂತ ಯಾವ ಕಾನೂನಲ್ಲಿ ಬರ್ದದೆ? ಯೋಳಿ ಮೇಡಮ್ಮೋರೆ!”

“ಎಮ್ಮೆ ಅಂತಲೇ ಬರೆದಿಲ್ಲ ಅಜ್ಜಿ,” ಮೇಡಂ ನಗು ತಡೆದುಕೊಂಡರು. “ದಾರಿಗೆ ಅಡ್ಡ ಏನೂ ಇರಬಾರದು ಅಂತಿದೆ. ಯಾರದ್ದೇ ಆಗಲಿ.”

“ಯಾರ್ದೇ ಆಗ್ಲಿ?”

“ಯಾರದ್ದೇ ಆಗಲಿ.”

ಅಜ್ಜಿ ಮೊಮ್ಮಗಳನ್ನು ದುರುಗುಟ್ಟಿ ನೋಡಿ ಹೊರಟೇಹೋದಳು. ಸಂಜೆ ಎಮ್ಮೆಯ ಜೊತೆ ಮಾತ್ರ ಮಾತಾಡಿದಳು, ಅದೂ ಗಗನಳಿಗೆ ಕೇಳುವ ಹಾಗೆ. “ನಿನ್ ಮೇಲೇ ಕಂಪ್ಲೇಂಟ್ ಕೊಟ್ಟವ್ರೆ ಕಣವ್ವ, ನಿನ್ ಆಲು ಕುಡ್ದೋರೇಯ!”

ಗಗನಳಿಗೆ ಅಳು ಬಂತು.

ಬೆಳಿಗ್ಗೆ ಶಾಲೆಯ ಗೇಟಿನಲ್ಲಿ ಎಮ್ಮೆ ಇರಲಿಲ್ಲ. ಅಜ್ಜಿ ಇದ್ದಳು! ಸೊಂಟಕ್ಕೆ ಕೈಯಿಟ್ಟು ಒಂದು ಟ್ರ್ಯಾಕ್ಟರಿನ ಮುಂದೆ ನಿಂತಿದ್ದಳು. ಜಾಗ ಖಾಲಿಯಾಯಿತೆಂದು ಪಂಚಾಯ್ತಿ ಮೆಂಬರ್ ಸಿದ್ದೇಶ್ ಅದನ್ನು ತಂದು ನಿಲ್ಲಿಸಿದ್ದ. ಊರಿನಲ್ಲಿ ಅವನಿಗೆ ಎದುರು ಮಾತಾಡುವವರೇ ಇರಲಿಲ್ಲ.

“ಅತ್ಲಾಗ್ ತಗಿ ಸಿದ್ದೇಸ!”

“ನಾನು ಮೆಂಬರು ಕಣಜ್ಜಿ.”

“ಮೆಂಬರಾದ್ರೇನು? ನಮ್ ಎಮ್ಮೆನೇ ತಗ್ದಿವ್ನಿ, ನಿಂದೇನ್ಲಾ ದೊಡ್ದು? ಯಾರ್ದೇ ಆಗ್ಲಿ ಅಂತ ಬುಕ್ಕಲ್ಲಿ ಬರ್ದದೆ. ನನ್ ಮೊಮ್ಮಗ್ಳು ಮೈಕಲ್ಲಿ ಓದವ್ಳೆ!”

ಸಿದ್ದೇಶ್ ಸುತ್ತ ನೋಡಿದ. ಅರ್ಧ ಶಾಲೆಯೇ ಅಲ್ಲಿ ನಿಂತಿತ್ತು. ಗೊಣಗುತ್ತಾ ಟ್ರ್ಯಾಕ್ಟರು ಸ್ಟಾರ್ಟ್ ಮಾಡಿದ.

ಅಜ್ಜಿಯ ಸಿಟ್ಟು ಇನ್ನೂ ಇಳಿದಿರಲಿಲ್ಲ. ಆದರೆ ಆ ಸಿಟ್ಟು ಈಗ ತನ್ನ ಮೇಲಲ್ಲ ಎಂದು ಗಗನಳಿಗೆ ಗೊತ್ತಾಯಿತು. ಮೆಲ್ಲಗೆ ಅಜ್ಜಿಯ ಪಕ್ಕಕ್ಕೆ ಹೋಗಿ ತಾನೂ ಸೊಂಟಕ್ಕೆ ಕೈಯಿಟ್ಟು ನಿಂತಳು.