ಹತ್ತು ಐವತ್ತೆಂಟರ ನಂತರ

ಕರ್ಜಗಿಯ ಹದಿನಾಲ್ಕು ಮಂದಿ ರೈತರ ಮಡಿಗಳಲ್ಲಿ ಮೆಣಸಿನಕಾಯಿ ಬೀಜ ಮೊಳಕೆಯೊಡೆಯಲಿಲ್ಲ. ಎಲ್ಲ ಚೀಲಗಳ ಮೇಲೂ ಒಂದೇ ರಾಶಿಯ ಸಂಖ್ಯೆ — 417. ಹಾವೇರಿಯ ಬೀಜ ಸಂಘದಲ್ಲಿ ಮೊಳಕೆ ಪರೀಕ್ಷೆ ಮಾಡುವ ನಿರ್ಮಲಾ ಆ ರಾಶಿಯನ್ನು ಮಾರದಂತೆ ತಡೆದಿದ್ದಳು. ತಡೆದಿದ್ದಳೇ? ಸಂಘದ ಕಂಪ್ಯೂಟರಿನಲ್ಲಿ ‘417 — ಮಾರಬಹುದು’ ಎಂದಿತ್ತು. ಅವಳು ಹಾಕಿದ ತಡೆಯ ಸುಳಿವೇ ಇಲ್ಲ.

ಸಂಘದ ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರ್ ಇದ್ದದ್ದು ಹಾವೇರಿಯಲ್ಲಿ. ಅದರಲ್ಲಿ ಬರೆದದ್ದರ ನಕಲು ರಾಣೆಬೆನ್ನೂರಿನಲ್ಲಿ. ಕಳೆದ ಅಮಾವಾಸ್ಯೆಯ ಬೆಳಿಗ್ಗೆ 11:15ಕ್ಕೆ ಹಾವೇರಿಯ ಯಂತ್ರ ಶಾರ್ಟ್ ಸರ್ಕ್ಯೂಟಾಗಿ ಸುಟ್ಟುಹೋಯಿತು. ಡಿಸ್ಕುಗಳಲ್ಲಿ ಒಂದಕ್ಷರ ಉಳಿಯಲಿಲ್ಲ. ಅಂದಿನಿಂದ ಸಂಘದ ಸಂಸಾರ ನಡೆದಿರುವುದು ನಕಲಿನ ಮೇಲೆ. ನಿರ್ಮಲಾ ತಡೆ ಹಾಕಿದ್ದು 11:06ಕ್ಕೆ — ಹಾಗೆಂದು ಅವಳ ಮಾತು.

ವ್ಯವಸ್ಥಾಪಕ ಚೇತನಕುಮಾರನ ಪ್ರಶ್ನೆ ಒಂದೇ. ನಕಲು ಮೂರೋ ನಾಲ್ಕೋ ಸೆಕೆಂಡು ಹಿಂದಿರುತ್ತದೆ, ಒಪ್ಪೋಣ. ಯಂತ್ರ ಸಾಯುವುದಕ್ಕೆ ಒಂಬತ್ತು ನಿಮಿಷ ಮುಂಚೆ ಬರೆದದ್ದು ಎಲ್ಲಿಗೆ ಹೋಯಿತು? ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಅವಳು ಮನೆಗೆ ಹೋಗಬೇಕು.

ಒತ್ತಿದೆ ಎಂದು ನಿರ್ಮಲಾಳ ಬೆರಳು ಹೇಳುತ್ತಿತ್ತು, ಇಲ್ಲ ಎಂದು ಯಂತ್ರ ಹೇಳುತ್ತಿತ್ತು. ಒಂದು ವಾರದಿಂದ, ಮನೆಗೆ ಬೀಗ ಹಾಕಿ ಹೊರಟವಳು ಮತ್ತೆ ತಿರುಗಿ ಬಂದು ಅದನ್ನು ಎಳೆದು ನೋಡುತ್ತಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಮಂದಿ ಇನ್ನೊಂದು ಕಥೆ ಹಬ್ಬಿಸಿದ್ದರು: 417 ಚೇತನಕುಮಾರನ ಮಾವನ ಹೊಲದ ಬೀಜ, ಅವನೇ ಅಳಿಸಿದ್ದಾನೆ. ಅದೂ ಖರೇ ಇರಬಹುದೆ? ರಾಣೆಬೆನ್ನೂರಿನ ಯಂತ್ರ ನೋಡಿಕೊಳ್ಳುವ ಹಿರಿಯ ಪುಂಡಲೀಕ ಮಾತ್ರ ಸಮಾಧಾನ ಹೇಳಿದ್ದ.

“ಬಿಡವಾ ತಂಗಿ, ಮರವು ಯಾರಿಗೆ ಬರೂದಿಲ್ಲ? ತಪ್ಪಾತು ಅಂತ ಬರದು ಕೊಟ್ಟಬಿಡು.”

ತನಿಖೆಗೆಂದು ಸಂಘ ಕರೆಸಿದ ಕಂಪ್ಯೂಟರ್ ತಜ್ಞೆ ಬೇನಜೀರ 417ರ ಮಾತನ್ನೇ ಎತ್ತಲಿಲ್ಲ. ನಿರ್ಮಲಾಳಿಗೆ ಇನ್ನಷ್ಟು ಗಾಬರಿಯಾಯಿತು.

“ಆ ದಿವಸ ಹನ್ನೊಂದರ ಮ್ಯಾಲ ಮತ್ತ್ಯಾರು ಏನರ ಬರದಾರ?”

“ಅಮಾಸಿ ಇತ್ತರಿ ಮೇಡಂ, ಪ್ಯಾಟಿ ಬಂದ್. ಬ್ಯಾಡಗಿ ಶೇಖಪ್ಪಣ್ಣಾರು ಬರದಿರಬೇಕು.”

ಶೇಖಪ್ಪ ಬ್ಯಾಡಗಿಯ ಶೀತಲಗೃಹದಲ್ಲಿ ಸಂಘದ ಚೀಲಗಳ ಉಸ್ತುವಾರಿ. ಇಬ್ಬರೂ ಅಲ್ಲಿಗೆ ಹೋದರು. ಅವನು ಹುಡುಕಿ ಒಂದು ಚೀಟಿ ತೆಗೆದ: ಅರವತ್ತು ಚೀಲ ಒಳಗೆ ಬಂದದ್ದು, ಅದೇ ದಿನ, 11:10. ಹಾವೇರಿಯ ಯಂತ್ರ ‘ಆಯಿತು’ ಎಂದ ಮೇಲಷ್ಟೇ ಆ ಚೀಟಿ ಮುದ್ರಣವಾಗುತ್ತದೆ. ಬೇನಜೀರ ರಾಣೆಬೆನ್ನೂರಿಗೆ ಫೋನು ಮಾಡಿ ನಕಲಿನಲ್ಲಿ ನೋಡಿಸಿದಳು. ಆ ಅರವತ್ತು ಚೀಲವೂ ಅಲ್ಲಿಲ್ಲ!

“ಯಾರೂ ಕೇಳಲೇ ಇಲ್ಲೇನು?” ಎಂದಳು ಬೇನಜೀರ.

“ಚೀಲಾ ಕಣ್ಣ ಮುಂದ ಅದಾವಲ್ರಿ,” ಎಂದ ಶೇಖಪ್ಪ. “ಕಂಪ್ಯೂಟರಿನ್ಯಾಗ ಅದಾವೋ ಇಲ್ಲೋ ಯಾಂವ ನೋಡ್ತಾನ?”

ನಿರ್ಮಲಾ ಚೀಟಿಯನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದಳು. 417ನ್ನು ಅಳಿಸಿದವನಿಗೆ ಶೇಖಪ್ಪನ ಚೀಲಗಳ ಮೇಲೇನು ಸಿಟ್ಟು?

ಮಧ್ಯಾಹ್ನ ರಾಣೆಬೆನ್ನೂರಿನ ಯಂತ್ರದ ಕೋಣೆಯಲ್ಲಿ ಚೇತನಕುಮಾರ, ಪುಂಡಲೀಕ, ನಿರ್ಮಲಾ ಕುಳಿತಿದ್ದರು. ಬೇನಜೀರ ಅವಸರ ಮಾಡಲಿಲ್ಲ.

“ಎಲ್ಲಾರೂ 417 ಒಂದನ್ನ ಹುಡಿಕೀರಿ. ಅದರ ಆಜೂಬಾಜೂ ನೋಡಲಿಲ್ಲ. ಬೇಕಂತ ಅಳಿಸಿದ್ರ ನಡುವ ತೂತು ಬೀಳತಿತ್ತು. ಇಲ್ಲಿ ನಕಲಿನ್ಯಾಗ 10:58ರ ತನಕ ಒಂದೂ ಬಿಟ್ಟಿಲ್ಲ, ಆಮ್ಯಾಲ ಒಂದೂ ಇಲ್ಲ. ಅಂದ್ರ ಅಳಿಸಿಲ್ಲ — ಬಂದು ಮುಟ್ಟೇ ಇಲ್ಲ.”

“ಮತ್ತ ಹಾವೇರಿಯೊಳಗ ಯಂತ್ರ ಯಾಕ ತಕರಾರು ಮಾಡಲಿಲ್ಲ?” ಚೇತನಕುಮಾರ ಕೇಳಿದ.

“ಅದು ಕಾಯೂದಿಲ್ಲ ಸರ್. ಬರದ ಕೂಡ್ಲೆ ‘ಆತು’ ಅಂತೈತಿ. ಬರದದ್ದಕ್ಕ ವ್ಯಾಳ್ಯಾ ಹಚ್ಚಿ ಇಟ್ಕೋತೈತಿ. ಇಲ್ಲಿ ಯಂತ್ರ ಹಿಂದಿಂದ ಅದನ್ನ ಓದಿ, ವ್ಯಾಳ್ಯಾದ ಸಾಲಿನ್ಯಾಗ ಜೋಡಿಸಿ ಬರಕೋತೈತಿ. ಓದೂದು ನಿಂತ್ರ ಹಾವೇರಿಯವರಿಗೆ ಗೊತ್ತ ಆಗೂದಿಲ್ಲ. ಓದೂ ಕೆಲಸ ಈ ಕೋಣ್ಯಾಗಿಂದು.”

ಆಮೇಲೆ ಅವಳು ನಕಲು ಎಷ್ಟು ಹಿಂದುಳಿದಿತ್ತೆಂದು ತೋರಿಸುವ, ಅದಕ್ಕೂ ಹಿಂದಿನ ಆರು ತಿಂಗಳ ಹಾಳೆಗಳನ್ನು ಹರಡಿದಳು. ತಿಂಗಳಿಗೊಂದು ದಿನ, ಹನ್ನೊಂದರ ಹೊತ್ತಿಗೆ, ನಕಲು ಇಪ್ಪತ್ತು ನಿಮಿಷ ಹಿಂದೆ ಬಿದ್ದಿತ್ತು. ಗೋಡೆಯ ಪಂಚಾಂಗ ತೆಗೆದು ಪಕ್ಕಕ್ಕಿಟ್ಟಳು. ಆರೂ ದಿನ ಅಮಾವಾಸ್ಯೆ.

“ಪುಂಡಲೀಕಣ್ಣಾರ, ಅಮಾಸಿ ಪೂಜಿ ಎಷ್ಟಕ್ಕ ಮಾಡ್ತೀರಿ?”

ಪುಂಡಲೀಕ ಪಂಚಾಂಗವನ್ನು ತನ್ನತ್ತ ಎಳೆದುಕೊಂಡ. ನಿಧಾನವಾಗಿ ಎಲ್ಲ ಹೊರಬಂತು. ಓಡುವ ಯಂತ್ರಕ್ಕೆ ಆರತಿ ಎತ್ತಬಾರದೆಂದು ಅವನ ತಂದೆ ಗಿರಣಿಯಲ್ಲಿ ಕಲಿಸಿದ್ದ. ಡಿಸ್ಕುಗಳನ್ನು ನಿಲ್ಲಿಸುವಂತಿರಲಿಲ್ಲ, ಹಾಗಾಗಿ ಓದುವ ಕೆಲಸವನ್ನಷ್ಟೇ ನಿಲ್ಲಿಸಿ, ತೆಂಗಿನಕಾಯಿ ಒಡೆದು, ಮತ್ತೆ ಶುರು ಮಾಡುತ್ತಿದ್ದ. ಪ್ರತಿ ಸಲವೂ ನಕಲು ಓಡಿ ಬಂದು ಸಮನಾಗುತ್ತಿತ್ತು. ಈ ಸಲ ಶುರು ಮಾಡುವಷ್ಟರಲ್ಲಿ ಹಾವೇರಿ ಸತ್ತಿತ್ತು. ಓದಲು ಏನೂ ಉಳಿದಿರಲಿಲ್ಲ.

ಚೇತನಕುಮಾರ ನಿರ್ಮಲಾಳ ಕ್ಷಮೆ ಕೇಳಿದ. ಅವಳಿಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ. ಅವಳು ನೋಡುತ್ತಿದ್ದದ್ದು ಪುಂಡಲೀಕನನ್ನು.

“ಪೂಜಿ ಮಾಡಿದ್ದು ತಪ್ಪಂತ ನಾ ಅನ್ನೂದಿಲ್ಲ, ಅಣ್ಣಾರ. ಗೊತ್ತಿದ್ದೂ ಒಂದ ವಾರ ನನ್ನ ಮಾರಿ ನೋಡಿ ಮರವು ಅಂದ್ರಿ. ನಾ ಅದನ್ನ ನಂಬಿದೆ. ನಿನ್ನೆ ತಲಿ ತೋರಸಾಕ ದವಾಖಾನಿಗೆ ಹೋಗಿ ಬಂದೇನಿ.”

ನಿರ್ಮಲಾ ಎದ್ದು ಬೇನಜೀರಳ ಜೊತೆ ಹೊರಗೆ ಬಂದು, ಹಾವೇರಿ ಬಸ್ಸಿಗೆ ನಿಂತು, ವಾರದಲ್ಲಿ ಮೊದಲ ಸಲ ಅತ್ತಳು.