ಬೆಂಚಿನ ಆ ತುದಿಯವನು

ಸಯನ್ ಸ್ಟೇಷನ್ನಿನ ಬೆಂಚಿನ ಆ ತುದಿಗೆ ಕಾಶಿನಾಥ, ಈ ತುದಿಗೆ ದಾನೇಶ್ವರಿ. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ.

“ಹಿಂಗ ಕುಂತ್ರ ಮಂದಿ ಜಗಳಾಡ್ಯಾರ ಅಂತಾರ,” ಅಂದ ಅವನು.

“ಅನ್ಲಿ. ಜಳಕಾ ಮಾಡೀದಿಲ್ಲೋ?”

“ಎರಡ ಸಲ. ಸಾಬೂನ ಸವದು ಬಿಸ್ಕಿಟ್ ಆಗೈತಿ. ನಿನ್ನ ಕಂಪನಿ ಮನಸ್ಸು ಕರಗವಲ್ದು.”

ಮುಲುಂಡಿನ ಆ ಕಂಪನಿಯಲ್ಲಿ ಹಕ್ಕಿಜ್ವರಕ್ಕೆ ಲಸಿಕೆ ತಯಾರಾಗುತ್ತಿತ್ತು, ನಾಳೆ ಮನುಷ್ಯರಿಗೆ ಹಬ್ಬಿದರೆ ಇರಲಿ ಎಂದು. ಲಸಿಕೆ ಬೆಳೆಯುವುದು ಮೊಟ್ಟೆಯೊಳಗೆ. ಕತ್ತಲ ಕೋಣೆಯಲ್ಲಿ ಒಂದೊಂದೇ ಮೊಟ್ಟೆಯನ್ನು ದೀಪಕ್ಕೆ ಹಿಡಿದು, ಒಳಗೆ ಕೆಂಪು ನರ ಜೀವಂತವಿದೆಯೇ ನೋಡುವುದು ದಾನೇಶ್ವರಿಯ ಗುತ್ತಿಗೆ ಕೆಲಸ. ಹೊರಗಿನ ಸೋಂಕು ಒಳಗೆ ಬರಬಾರದು. ಕೋಳಿ ಮುಟ್ಟಿದವರನ್ನು ಮೂರು ದಿನ ಕಳೆಯುವವರೆಗೆ ಕೆಲಸಗಾರರು ಮುಟ್ಟಬಾರದು; ಮುಟ್ಟಿದರೆ ಅವರೂ ಮೂರು ದಿನ ಹೊರಗೆ. ದಿನವೂ ಗೇಟಿನ ರಿಜಿಸ್ಟರಿನಲ್ಲಿ ‘ಮುಟ್ಟಿಲ್ಲ’ ಎಂದು ಬರೆದೇ ಒಳಗೆ ಹೋಗಬೇಕು.

ಕಾಶಿನಾಥ ದಹಿಸರದ ಅಂಗಡಿಯೊಂದರಲ್ಲಿ ಕೋಳಿ ಕೊಯ್ಯುವವನು. ಸಾಲಾಗಿ ಮೂರು ದಿನ ರಜೆ ಅವನಂಥವರಿಗೆ ಸಿಗುವುದು ಹೆಣವಾದಾಗಲೇ.

“ನನ್ನೂ ಒಮ್ಮಿ ದೀಪಕ್ಕ ಹಿಡಿ, ಒಳಗ ಯಾರದಾರ ಗೊತ್ತಾಗ್ತೈತಿ.”

ಅವಳು ನಗು ನುಂಗಿ ಹಳಿ ನೋಡಿದಳು. ಅವನು ಅವಳ ಬೆರಳನ್ನೇ ನೋಡುತ್ತಿದ್ದ.

“ಆ ಲಸಿಕಿ ಸೂಜಿ ಮೊದಲ ಯಾರಿಗೆ?”

“ಪರ್ಮನೆಂಟ್ ಮಂದಿಗಂತ.”

“ಹಗಲೆಲ್ಲ ಕೋಳಿ ನೆತ್ತರದಾಗ ಕೈ ಅದ್ದಾಂವ ನಾ. ಮೊಟ್ಟಿಗಿರೋ ಕಾವಲು ನನಗಿಲ್ಲ ನೋಡು.” ಆಮೇಲೆ ಸಣ್ಣ ದನಿಯಲ್ಲಿ, “ಮೊನ್ನಿಯಿಂದ ಅಂಗಡ್ಯಾಗ ಕೋಳಿ ನಿಂತಲ್ಲೇ ಸಾಯಾಕತ್ತಾವ.”

ಅವನ ಕಣ್ಣುಗಳು ಕೆಂಪಾಗಿದ್ದವು. ಆರು ತಿಂಗಳಿಂದ ಪಾಲಿಸಿದ ನಿಯಮ ಮುರಿದು ದಾನೇಶ್ವರಿ ಸರಿದು ಕೂತಳು, ಹಣೆಗೆ ಅಂಗೈ ಇಟ್ಟಳು. ಬಿಸಿಯಿತ್ತು.

“ಹುಚ್ಚಿ, ನಿನ್ನ ನೌಕರಿ,” ಅಂದ. ಕೈ ಮಾತ್ರ ಸರಿಸಲಿಲ್ಲ.

ಮರುದಿನ ಬೆಳಿಗ್ಗೆ ಕಂಪನಿಯ ಗೇಟಿನಲ್ಲಿ ಅವಳ ಪೆನ್ನು ನಿಂತದ್ದು ಕಂಡು ಸೆಕ್ಯುರಿಟಿ ಮನೀಶ್ ಪಿಸುಗುಟ್ಟಿದ: “ಮುಟ್ಟಿಲ್ಲ ಅಂತ ಬರಿ ಮಾರಾಯ್ತಿ, ಎಲ್ಲರೂ ಬರೆಯುದು ಅದೇ.”

ಒಳಗಿನ ಸಾವಿರ ಮೊಟ್ಟೆಗಳು ಅವಳ ಕಣ್ಣೆದುರು ಬಂದವು. ‘ಮುಟ್ಟಿದ್ದೇನೆ’ ಎಂದು ಬರೆದಳು. ಯಾರನ್ನು ಎಂಬ ಖಾನೆಯಲ್ಲಿ: ‘ನನ್ನನ್ನು ಮದುವೆಯಾಗುವವನನ್ನು.’ ಅವನಿಗೇ ಇನ್ನೂ ಹೇಳಿರಲಿಲ್ಲ.

ಮೂರು ದಿನ ಹೊರಗೆ. ಆಮೇಲೆ ಕರೆಯುವುದು ಬಿಡುವುದು ಗುತ್ತಿಗೆದಾರನ ಮರ್ಜಿ. ರಸ್ತೆಗೆ ಬಂದು ಫೋನ್ ಹಚ್ಚಿದಳು.

“ಕಾಶಿ, ನಿನ್ನ ಲಗ್ನ ಆಗ್ತೀನಿ ಅಂತ ಕಂಪನಿಗೆ ಬರದು ಕೊಟ್ಟು ಬಂದೀನಿ. ಮೂರು ದಿನ ರಜಾ ಸಿಕ್ಕೈತಿ. ದವಾಖಾನಿಗೆ ಹೋಗೂಣು ಬಾ.”



“ನಿನಗ ಸಿಕ್ತು ದಾನಿ,” ಅಂದ ಅವನು. “ನನಗ?”

ಅವನ ಬೆನ್ನ ಹಿಂದೆ ಕೋಳಿಯೊಂದರ ಕೂಗು ಅರ್ಧಕ್ಕೇ ನಿಂತಿತು.